ತೂಕ ನೋಡಿ ಕೊಂಡ ಡಿಸ್ಕ್

ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ, ಆಲೂಗಡ್ಡೆಗಳ ಹರಾಜು ಕೂಗುತ್ತಿದ್ದ ಆ ಮನುಷ್ಯನನ್ನು ಮೂವತ್ತೆಂಟು ವರ್ಷಗಳಿಂದ ಎಲ್ಲರೂ ಗಂಟೆಯವರು ಎಂದೇ ಕರೆಯುತ್ತಿದ್ದರು. ಮೈಕು ಅವರಿಗೆ ಬೇಕಿರಲಿಲ್ಲ. ಮೂರನೆಯ ಸಾಲಿನ ಮಳಿಗೆಯಲ್ಲಿ ನಿಂತು ದರ ಕೂಗಿದರೆ ಗೇಟಿನ ಹತ್ತಿರ ಲಾರಿ ತೊಳೆಯುವವನೂ ತಲೆ ಎತ್ತುತ್ತಿದ್ದ. ಮನೆಯಲ್ಲೂ ಅದೇ ದನಿ. ಉಪ್ಪು ಕೇಳಿದರೂ ಉಪ್ಪನ್ನು ಹರಾಜಿಗೆ ಇಟ್ಟ ಹಾಗೆ ಕೇಳುತ್ತಿದ್ದರು. ಅಂಥ ಗಂಟಲಿನಲ್ಲಿ ಗಡ್ಡೆ ಎದ್ದಿತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಆಪರೇಷನ್‌ಗೆ ಇಪ್ಪತ್ತಾರು ದಿನ ಇತ್ತು.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಒಂದು ದಾರಿ ತೋರಿಸಿದಳು. ಆರುನೂರು ವಾಕ್ಯಗಳ ಪಟ್ಟಿ ಕೊಟ್ಟು, ಇವನ್ನೆಲ್ಲ ಈಗಲೇ ಓದಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮುಂದೆ ನೀವು ಟೈಪ್ ಮಾಡಿದ್ದನ್ನು ಯಂತ್ರ ನಿಮ್ಮದೇ ದನಿಯಲ್ಲಿ ಹೇಳುತ್ತದೆ ಎಂದಳು. ಕಡಿಮೆಯೆಂದರೂ ನಾನೂರು ವಾಕ್ಯ ಬೇಕು. ಇಲ್ಲದಿದ್ದರೆ ಯಂತ್ರದಲ್ಲಿ ಮೊದಲೇ ತುಂಬಿಟ್ಟಿರುವ ಯಾರದೋ ದನಿಯೇ ಗತಿ.

"ಯಾರದ್ದೋ ದನೀಲಿ ನಾನು ನನ್ನ ಹೆಂಡ್ತೀನ ಕರೀಬೇಕಾ?" ಎಂದರು ಗಂಟೆಯವರು. ಅಲ್ಲಿಗೆ ತೀರ್ಮಾನವಾಯಿತು.

ಮಗ ಲಿಫ್ಟ್ ಮೆಕ್ಯಾನಿಕ್. ಯಾವ ಕೆಲಸಕ್ಕೂ ಮೊದಲು ಹೊಸ ಸಾಮಾನು ತರಬೇಕು ಎನ್ನುವ ಜಾತಿ. "ಬರೀ ದನಿ ಯಾಕೆ? ವಿಡಿಯೋನೇ ಮಾಡೋಣ, ಅಪ್ಪನ ಮುಖಾನೂ ಇರುತ್ತೆ. ಒಳ್ಳೇ ಕ್ವಾಲಿಟಿಯಲ್ಲಿ ಮಾಡೋಣ" ಎಂದ. ಮನೆಯ ಯಾವ ಫೋನಿನಲ್ಲೂ ಒಂದು ದಿನದ ಓದಿಗಿಂತ ಹೆಚ್ಚಿನ ವಿಡಿಯೋಗೆ ಜಾಗವಿರಲಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಫೋನಿಗೆ ಜೋಡಿಸಿ ವಿಡಿಯೋ ತುಂಬಿಡುವ ಡಿಸ್ಕ್ ಹುಡುಕಿದ. ಸಿಕ್ಕಿತು. ಅಂಗಡಿ ಬೆಲೆಯ ಕಾಲುಭಾಗಕ್ಕೆ, ಗಂಟೆಯವರು ಹುಟ್ಟಿದಾಗಿನಿಂದ ಆಡಿದ ಮಾತನ್ನೆಲ್ಲ ತುಂಬಿದರೂ ಮಿಗುವಷ್ಟು ದೊಡ್ಡ ಡಿಸ್ಕ್.

ಸೊಸೆ ಫೋನು ಇಸಿದುಕೊಂಡು ನೋಡಿದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಒಂಬತ್ತು ವರ್ಷ ನಿಂತವಳು. ಯಾವ ಡಬ್ಬಿ ಕೈಗೆ ಬಂದರೂ ಮೊದಲು ತಿರುಗಿಸಿ ನೋಡುವುದು ಅವಳ ಅಭ್ಯಾಸ.

"ರೀ, ಇಷ್ಟು ಕಡಿಮೆಗೆ ಹೇಗೆ ಕೊಡ್ತಾರೆ?"

"ಆಫರ್ ಕಣೇ."

"ಕಂಪನಿ ಹೆಸರೇ ಕೇಳಿಲ್ಲ. ಮಾರೋನ ಹೆಸರು ನೋಡಿ, ಕೀಬೋರ್ಡ್ ಮೇಲೆ ಬೆಕ್ಕು ನಡೆದ ಹಾಗಿದೆ."

"ಸಾವಿರದ ಇನ್ನೂರು ಜನ ಐದು ಸ್ಟಾರ್ ಕೊಟ್ಟಿದ್ದಾರೆ. ಅವರೆಲ್ಲ ಪೆದ್ದರಾ?"

ಪೆದ್ದರೇ ಎನ್ನುವ ಮಾತು ಸೊಸೆಯ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡಳು.

ನಾಲ್ಕನೆಯ ದಿನ ಡಿಸ್ಕ್ ಬಂತು. ಕಪ್ಪು ಡಬ್ಬಿ, ಮೇಲೆ ಮಿರಿಮಿರಿ ಸ್ಟಿಕ್ಕರ್. ಮಗ ಅದನ್ನು ನೇರವಾಗಿ ಅಪ್ಪನ ಕೈಗೆ ಕೊಟ್ಟ. ಆ ಮನೆಯಲ್ಲಿ ಯಾವ ಸಾಮಾನು ಬಂದರೂ ಮೊದಲು ಅವರ ಕೈಗೇ ಹೋಗಬೇಕು. ಚೀಲದ ತಳದಲ್ಲಿ ಕಲ್ಲು ಸೇರಿಸಿ ತರುವವರನ್ನು ಎತ್ತಿದ ಒಂದೇ ಏಟಿಗೆ ಹಿಡಿಯುತ್ತಿದ್ದ ಕೈ ಅದು. ಹೊಸ ಕುಕ್ಕರನ್ನೂ ಚಪ್ಪಲಿಯನ್ನೂ ಅವರು ಹಾಗೇ ಎತ್ತಿ ನೋಡಿದವರು. ಡಿಸ್ಕನ್ನು ಅಂಗೈಯಲ್ಲಿಟ್ಟು ಎರಡು ಸಲ ತೂಗಿದರು, ಬೆರಳಿನಿಂದ ಕುಟ್ಟಿದರು.

"ಗಟ್ಟಿ ಮಾಲು. ತೂಕ ಇದೆ. ಮೋಸದ್ದಾಗಿದ್ರೆ ಟೊಳ್ಳಿರುತ್ತೆ."

"ಮಾವ, ಒಂದು ಸಲ ಏನಾದ್ರೂ ಫೈಲು ಹಾಕಿ ಪೂರ್ತಿ ತುಂಬಿಸಿ ನೋಡೋಣ. ವಾಪಸ್ ಕೊಡೋಕೆ ಹತ್ತು ದಿನ ಟೈಮಿದೆ" ಎಂದಳು ಸೊಸೆ.

"ನಾನು ಎತ್ತಿ ನೋಡಿದ್ಮೇಲೆ ಇನ್ನೇನಮ್ಮ ನೋಡೋದು? ಮಾತ್ರೆ ಎಣಿಸೋ ಕೆಲಸ ಬೇರೆ, ಮಾಲು ನೋಡೋ ಕೆಲಸ ಬೇರೆ."

ಅತ್ತೆ ಟೀ ಲೋಟಗಳನ್ನು ಮೇಜಿನ ಮೇಲಿಡುತ್ತ, "ಮದುವೇಲಿ ನನ್ನನ್ನೂ ಹೀಗೇ ತೂಗಿ ನೋಡಿದ್ರೇನೋ, ನೆನಪಿಲ್ಲ" ಎಂದರು. ಎಲ್ಲರೂ ನಕ್ಕರು. ಹತ್ತು ದಿನದ ಮಾತು ಆ ನಗುವಿನಲ್ಲಿ ಮುಚ್ಚಿಹೋಯಿತು.

ಮಾರನೆಯ ಬೆಳಗಿನಿಂದ ಓದು ಶುರುವಾಯಿತು. ತಿಂಡಿ ಮುಗಿದ ಮೇಲೆ ಊಟದ ಮೇಜು ಒರೆಸಿ, ಸೊಸೆಯ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಗಂಟೆಯವರು ದಿನಕ್ಕೆ ಮೂವತ್ತೈದು ವಾಕ್ಯ ಓದುತ್ತಿದ್ದರು. ಪ್ರತಿ ವಾಕ್ಯವನ್ನೂ ಎರಡೆರಡು ಸಲ ಓದಬೇಕಿತ್ತು, ಮಧ್ಯೆ ಮಧ್ಯೆ ಬಿಸಿನೀರು ಕುಡಿಯಬೇಕಿತ್ತು. ಮಗ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಎದುರಿಗೆ ಪಟ್ಟಿ ಹಿಡಿದು ಕೂರುವುದು, ಆಮೇಲೆ ವಿಡಿಯೋ ಡಿಸ್ಕಿಗೆ ಹಾಕುವುದು, 'ಕಾಪಿ ಆಯಿತು' ಎಂದು ಬಂದ ಮೇಲೆ ಫೋನಿನಿಂದ ಅಳಿಸಿ ನಾಳೆಗೆ ಜಾಗ ಮಾಡುವುದು, ಇಷ್ಟೂ ಸೊಸೆಯ ಪಾಲಿಗೆ ಬಂತು. ಅಂಗಡಿಯಲ್ಲಿ ಬೇಡಿಕೊಂಡು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡಳು.

ಹಾಕಿದ್ದನ್ನು ಯಾರೂ ನೋಡಲಿಲ್ಲ. ಮೊದಲ ದಿನವೇ ಮಗ ನೋಡಲು ಹೋದಾಗ ಗಂಟೆಯವರು, "ನಿಲ್ಸು! ನನ್ನ ಗಂಟಲಲ್ಲಿ ದನಿ ಇರೋವಾಗ ಅದು ಆ ಡಬ್ಬೀಲಿ ಕೇಳಿಸಬಾರದು. ಆಪರೇಷನ್ ಆದ್ಮೇಲೆ ಏನಾದ್ರೂ ಮಾಡ್ಕೊಳ್ಳಿ" ಎಂದು ಆಣೆ ಹಾಕಿದ್ದರು. ಅದು ಭಯ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಮೀರಲಿಲ್ಲ.

ಎರಡನೆಯ ವಾರ ಎಲ್ಲರ ತಾಳ್ಮೆಯೂ ತೆಳ್ಳಗಾಯಿತು. ಗಂಟೆಯವರು ವಾಕ್ಯದ ಮಧ್ಯೆ ನಿಲ್ಲಿಸಿ ಗಂಜಿಯಲ್ಲಿ ಉಪ್ಪಿಲ್ಲ ಎನ್ನುವುದು, ಪಟ್ಟಿಯನ್ನು ನೆಟ್ಟಗೆ ಹಿಡಿ ಎನ್ನುವುದು, ಅಕ್ಷರ ದೊಡ್ಡದಾಗಿ ಬರೆಯಲು ಏನು ರೋಗ ಎನ್ನುವುದು ನಡೆದೇ ಇತ್ತು. ಒಂದು ದಿನ ಟೀ ಆರಿತ್ತೆಂದು ಅವರು ಎಷ್ಟು ಜೋರಾಗಿ ಕೂಗಿದರೆಂದರೆ ಸೊಸೆಯ ಕೈಯಿಂದ ಲೋಟ ಜಾರಿ ಒಡೆಯಿತು. ಅವಳು ಚೂರುಗಳನ್ನು ಗುಡಿಸಿಕೊಂಡು ಅಡುಗೆಮನೆಗೆ ಹೋಗಿ, "ಆ ದನಿ ನಿಂತರೆ ಸಾಕಪ್ಪ ಅನ್ನಿಸಿಬಿಟ್ಟಿದೆ ಅತ್ತೆ" ಎಂದಳು.

ಎಂದವಳೇ ತುಟಿ ಕಚ್ಚಿಕೊಂಡಳು. ಗಂಟೆಯವರು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹಾಗೇ ವಾಪಸ್ ಹೋಗಿ ಮೇಜಿನ ಮುಂದೆ ಕೂತರು. ಆ ದಿನದ ಉಳಿದ ವಾಕ್ಯಗಳನ್ನೆಲ್ಲ ತಪ್ಪಿಲ್ಲದೆ, ಮೆಲ್ಲಗೆ ಓದಿದರು.

ಹದಿನೇಳು ದಿನಕ್ಕೆ ಪಟ್ಟಿ ಮುಗಿಯಿತು. ಮಾರನೆಯ ದಿನ ಭಾನುವಾರ. ಆಪರೇಷನ್ ಶುಕ್ರವಾರವಿತ್ತು. ಬೇರೆ ಬಡಾವಣೆಯಲ್ಲಿರುವ ಮಗಳು ಅಪ್ಪನನ್ನು ನೋಡಲು ಬಂದಳು. ಅವಳು ಶಾಲೆಯಲ್ಲಿ ಟೀಚರು. ಕೊಟ್ಟ ಕೆಲಸ ಮುಗಿಸಿದ್ದೀವಿ ಎಂದು ಯಾರಾದರೂ ಹೇಳಿದರೆ ನೋಟ್‌ಬುಕ್ಕು ತೋರಿಸಿ ಎನ್ನುವವಳು. ಅಪ್ಪ ಹಳೇ ಗೆಳೆಯರನ್ನು ಮಾತಾಡಿಸಲು ಮಾರುಕಟ್ಟೆಗೆ ಹೋಗಿದ್ದಾಗ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದಳು.

ಮೊದಲ ದಿನದ ವಿಡಿಯೋ ಚೆನ್ನಾಗಿ ಓಡಿತು. ಎರಡನೆಯದೂ ಓಡಿತು. ಮೂರನೆಯದನ್ನು ಒತ್ತಿದರೆ ಪರದೆ ಕಪ್ಪಾಗಿ ನಿಂತಿತು. ನಾಲ್ಕು, ಐದು, ಹದಿನೇಳರ ತನಕ ಅಷ್ಟೇ. ಹೆಸರಿದೆ, ತಾರೀಖಿದೆ, ಒಳಗೆ ಏನೂ ಇಲ್ಲ.

"ಅಣ್ಣಾ, ಇಲ್ಲಿ ಬಾ. ಕಾಪಿ ಮಾಡ್ತಿದ್ದೋರು ಯಾರು?"

"ಅವಳೇ."

"ಫೋನಿಂದ ಅಳಿಸಿದ್ದು?"

"ನಾನೇ" ಎಂದಳು ಸೊಸೆ, ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬಂದು. "ಪ್ರತಿದಿನ ಕಾಪಿ ಆಯ್ತು ಅಂತ ತೋರಿಸಿದ ಮೇಲೇ ಅಳಿಸಿದ್ದು. ಹಾಗೆ ಮಾಡು ಅಂದಿದ್ದು ನಿಮ್ಮಣ್ಣ."

"ಹಾಗಾದ್ರೆ ಎರಡು ದಿನದ್ದು ಮಾತ್ರ ಇದ್ದು, ಹದಿನೈದು ದಿನದ್ದು ಎಲ್ಲಿ ಹೋಯ್ತು ಅತ್ತಿಗೆ?"

ಪ್ರಶ್ನೆಯನ್ನು ಅವಳು ಟೀಚರಿನ ದನಿಯಲ್ಲೇ ಕೇಳಿದಳು. ಉತ್ತರ ಆಗಲೇ ಗೊತ್ತಿದ್ದು ಕೇಳುವ ದನಿ ಅದು.

ಗಂಟೆಯವರು ಮಾರುಕಟ್ಟೆಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಕೇಳಿದರು. ಸೊಸೆಯ ಕಡೆ ಕೈ ತೋರಿಸಿ, "ಆ ದನಿ ನಿಂತರೆ ಸಾಕು ಅಂದವಳು ಇವಳು! ನಿಲ್ಲಿಸಿಬಿಟ್ಟಳು!" ಎಂದು ಕೂಗಿದರು. ಬಾಗಿಲು ತೆರೆದೇ ಇತ್ತು. ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ. ಮೇಲಿನ ಮಹಡಿಯವರು ಮೆಟ್ಟಿಲಲ್ಲಿ ಇಣುಕಿದರು.

"ಮಾವ, ನಾನು ಅಳಿಸಿಲ್ಲ. ಆವತ್ತು ಬಾಯಿ ಜಾರಿ ಅಂದೆ, ತಪ್ಪೇ. ಆದ್ರೆ ಅಳಿಸಿಲ್ಲ."

"ಹಂಗಾದ್ರೆ ಡಿಸ್ಕೇ ನುಂಗಿತಾ? ನಾನು ತೂಗಿ ನೋಡಿದ ಮಾಲು ಅದು!"

ಅವರು ಡಿಸ್ಕನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಸಾಕ್ಷಿಯಂತೆ, ಇನ್ನು ಅವಳ ಕೈಗೆ ಸಿಗಕೂಡದಂತೆ. ಮಗಳು ಹೊರಡುವಾಗ ಅತ್ತಿಗೆಗೆ ಹೇಳದೆ ಹೋದಳು.

ಬಟ್ಟೆ ಒಣಹಾಕುವ ಜಾಗದಲ್ಲಿ ಮಗ ಹೆಂಡತಿಯ ಪಕ್ಕ ಬಂದು ನಿಂತ. "ಬೇಕಂತ ಮಾಡಿದೀಯ ಅಂತ ನಾನು ಹೇಳ್ತಿಲ್ಲ. ಕೈತಪ್ಪಿ ಏನಾದ್ರೂ..."

"ನೀವೂ ಶುರು ಮಾಡಿದ್ರಾ?"

"ಕೇಳಿದೆ ಅಷ್ಟೇ."

"ಹದಿನೈದು ದಿನಾನೂ ಕೈತಪ್ಪುತ್ತಾ ರೀ?" ಅವಳು ಅವನ ಒದ್ದೆ ಅಂಗಿಯನ್ನು ಬಕೆಟ್ಟಿಗೇ ಬಿಟ್ಟು ಒಳಗೆ ಹೋದಳು. ಸಂಜೆಯ ತನಕ ಅದು ಅಲ್ಲೇ ಬಿದ್ದಿತ್ತು.

ಸೋಮವಾರ ಇಡೀ ದಿನ, ಮಂಗಳವಾರ ಮಧ್ಯಾಹ್ನದ ತನಕ ಗಂಟೆಯವರು ಸುಮ್ಮನಿರಲಿಲ್ಲ. ಡಾಕ್ಟರು ದನಿಗೆ ವಿಶ್ರಾಂತಿ ಕೊಡಿ ಎಂದಿದ್ದರು. ಆದರೆ ಹೊಟ್ಟೆಯಲ್ಲಿ ಉರಿ ಇದ್ದವರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಸೊಸೆ ತಟ್ಟೆ ಇಟ್ಟರೆ ದೂರ ತಳ್ಳಿದರು. ಗಂಜಿಯಲ್ಲಿ ಏನು ಹಾಕಿದ್ದಾಳೋ ಎಂದರು. ಔಷಧಿ ಅಂಗಡಿಯವಳು, ಅವಳಿಗೆ ಏನು ಸಿಗಲ್ಲ ಎಂದರು. ನೋಡಲು ಬಂದವರಿಗೆಲ್ಲ ಮೊದಲಿನಿಂದ ಹೇಳಿದರು. ಹೇಳಿ ಹೇಳಿ ದನಿ ಒಡೆಯಿತು. ಆಮೇಲೆ ಒಂದು ಮಾತಿಗೆ ಎರಡು ಸಲ ಕೆಮ್ಮಬೇಕಾಗಿ ಬಂತು.

"ರೀ, ಇರೋದು ಬೊಗಸೆಯಷ್ಟು ದನಿ. ಅದನ್ನೂ ಬೈಯೋಕೇ ಚೆಲ್ತಿದ್ದೀರಲ್ಲ" ಎಂದರು ಅತ್ತೆ.

"ನಿಂಗೇನು ಗೊತ್ತು?" ಅರ್ಧ ಮಾತು ಗಾಳಿಯಾಗಿ ಹೋಯಿತು.

ಅತ್ತೆ ಆ ಮನೆಯಲ್ಲಿ ಕಡಿಮೆ ಮಾತಿನವರು. ಗಂಡ ಔಷಧಿ ತೆಗೆದುಕೊಂಡು ಮಲಗಿದ್ದೇ ದಿಂಬಿನಡಿಯಿಂದ ಬೀಗದ ಕೈ ತೆಗೆದು, ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಸೊಸೆಯ ಮುಂದೆ ನಿಂತರು. ಅವಳು ಅಂಗಡಿಗೆ ಹೊರಟಿದ್ದಳು.

"ನಡಿ, ಕಂಪ್ಯೂಟರ್ ರಿಪೇರಿಯವನ ಹತ್ರ ಹೋಗೋಣ."

"ಕೊಡಿ ಅತ್ತೆ, ನಾನು ಹಿಡ್ಕೋತೀನಿ."

"ಬೇಡ. ನನ್ನ ಕೈಲೇ ಇರುತ್ತೆ. ನಾನು ಅವರ ಮಾತೂ ನಂಬಿಲ್ಲ, ನಿನ್ನ ಮಾತೂ ನಂಬಿಲ್ಲ. ಕಣ್ಣಾರೆ ನೋಡಿ ನಂಬ್ತೀನಿ."

ಸೊಸೆಗೆ ಅಳು ಬಂತು. ಆದರೂ ಮೂರು ದಿನಗಳಲ್ಲಿ ತನ್ನ ಹತ್ತಿರ ನೇರವಾಗಿ ಮಾತಾಡಿದವರು ಅವರೊಬ್ಬರೇ ಎನಿಸಿ, ಅಂಗಡಿಗೆ ಫೋನು ಮಾಡಿ ರಜೆ ಹೇಳಿ ಹಿಂದೆ ನಡೆದಳು. ಬಸ್ಸಿನಲ್ಲಿ ಅತ್ತೆ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಅದರ ಮೇಲಿಟ್ಟಿದ್ದರು.

ರಿಪೇರಿ ಅಂಗಡಿಯವನು ಡಿಸ್ಕನ್ನು ನೋಡಿದ ಕೂಡಲೇ ನಕ್ಕ. ನಕ್ಕಿದ್ದು ಅತ್ತೆಗೆ ಹಿಡಿಸಲಿಲ್ಲ. "ಮೊದಲು ಪರೀಕ್ಷೆ ಮಾಡಪ್ಪ, ಆಮೇಲೆ ನಗು" ಎಂದರು. ಅವನು ಒಂದು ಸಿನಿಮಾ ಫೈಲನ್ನು ಡಿಸ್ಕಿಗೆ ಹಾಕಿದ. 'ಕಾಪಿ ಆಯಿತು' ಎಂದು ಬಂತು. ತೆರೆದ. ಕಪ್ಪು ಪರದೆ.

"ನೋಡಿ ಅಮ್ಮ, ಇದು ಬೋರ್ಡಲ್ಲಿ ಬರೆದಿರೋದು ಕಲ್ಯಾಣಮಂಟಪ, ಒಳಗಿರೋದು ಒಂದು ಕೋಣೆ. ಆ ಕೋಣೆ ತುಂಬೋವರೆಗೂ ಸರಿಯಾಗಿ ಇಟ್ಕೊಳ್ಳುತ್ತೆ. ಆಮೇಲೆ ಬಂದಿದ್ದಕ್ಕೆ ಹೆಸರು ಮಾತ್ರ ಬರ್ಕೊಳ್ಳುತ್ತೆ, ಮಾಲು ಬಿಸಾಕುತ್ತೆ. ಆಯ್ತು ಅಂತ ಸುಳ್ಳು ಹೇಳುತ್ತೆ."

"ಯಾರೂ ಅಳಿಸಬೇಕಾಗಿಲ್ವಾ?" ಅತ್ತೆ ಕೇಳಿದರು.

"ಅಳಿಸೋಕೆ ಅದು ಒಳಗೆ ಬಂದಿದ್ರೆ ತಾನೇ?"

ಅವನು ಫೋನಿನಲ್ಲಿ ಮಾರಾಟಗಾರನ ಪುಟ ಹುಡುಕಿದ. ಅಂಗಡಿಯೇ ಇರಲಿಲ್ಲ, ಮುಚ್ಚಿಕೊಂಡು ಹೋಗಿತ್ತು. ಹೊಗಳಿದ್ದವರ ಮಾತುಗಳು ಮಾತ್ರ ಉಳಿದಿದ್ದವು. ಬಾಕ್ಸ್ ಚೆನ್ನಾಗಿದೆ, ಬೇಗ ಬಂತು, ಬಣ್ಣ ಚೆನ್ನಾಗಿದೆ. ಹೆಚ್ಚಿನವು ಒಂದೇ ವಾರ ಬರೆದದ್ದು. ಎಷ್ಟು ತುಂಬಿದೆ ಎಂದು ಒಬ್ಬನೂ ಬರೆದಿರಲಿಲ್ಲ. ಆಮೇಲೆ ಅವನು ಸಣ್ಣ ಸ್ಕ್ರೂಡ್ರೈವರಿನಿಂದ ಡಬ್ಬಿಯ ಅಂಚು ಎಬ್ಬಿಸಿದ. ಒಳಗೆ ಫೋನಿಗೆ ಹಾಕುವಂಥ ಉಗುರಿನಷ್ಟು ಮೆಮೊರಿ ಕಾರ್ಡು, ಅದರ ಪಕ್ಕದಲ್ಲಿ ಅಂಟು ಮೆತ್ತಿ ಕೂರಿಸಿದ ಕಬ್ಬಿಣದ ತುಂಡು.

"ಇದೇನು?"

"ಇದಾ? ಏನೂ ಕೆಲಸ ಇಲ್ಲ ಇದಕ್ಕೆ. ಕೈಗೆ ಭಾರ ಅನ್ನಿಸಲಿ ಅಂತ ಅಂಟಿಸಿರೋದು."

ಅತ್ತೆ ಆ ತುಂಡನ್ನು ತುಂಬ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ ಡಿಸ್ಕನ್ನು ಸೊಸೆಯ ಕೈಗೆ ಕೊಟ್ಟರು. "ಈಗ ನೀನು ಹಿಡ್ಕೊ" ಎಂದರು, ಅಷ್ಟೇ.

ಸೊಸೆ ಅದೇ ರಸ್ತೆಯ ದೊಡ್ಡ ಅಂಗಡಿಯಲ್ಲಿ, ಕಂಪನಿಯೇ ನೇಮಿಸಿದ ಮಾರಾಟಗಾರರು ಹೌದೇ ಎಂದು ಎರಡು ಸಲ ಕೇಳಿ, ಬಿಲ್ಲು ಬರೆಸಿ ಹೊಸ ಡಿಸ್ಕ್ ತೆಗೆದುಕೊಂಡಳು. ಚಿಕ್ಕದು, ಹಗುರ, ಬೆಲೆ ಜಾಸ್ತಿ. ಸಂಜೆಯೆಲ್ಲ ಅದಕ್ಕೆ ಫೈಲು ತುಂಬಿಸುತ್ತ, ಕೊನೆಯದನ್ನು ತೆರೆದು ನೋಡುತ್ತ ಕೂತಳು.

ಕಬ್ಬಿಣದ ತುಂಡು ಊಟದ ಮೇಜಿನ ಮೇಲಿತ್ತು. ಅತ್ತೆ ಅದನ್ನು ಗಂಡನ ತಟ್ಟೆಯ ಪಕ್ಕದಲ್ಲೇ ಇಟ್ಟು, ಅಂಗಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಗಂಟೆಯವರು ತುಂಡನ್ನು ಅಂಗೈಗೆ ಹಾಕಿಕೊಂಡರು. ಅವರ ಕೈ ತಾನಾಗಿ ಒಂದು ಸಲ ಮೇಲೆ ಕೆಳಗೆ ಆಡಿತು. ಮುಖ ಕೆಂಪಾಯಿತು. ತುಂಡನ್ನು ಮೇಜಿನ ಮೇಲಿಟ್ಟು, ಗಂಜಿ ಮುಗಿಸದೆ ಎದ್ದು ಹೋದರು.

"ತರಿಸಿದ್ದು ನಾನು. ತಪ್ಪು ನಂದು ಕಣೇ" ಎಂದ ಮಗ.

"ತರಿಸಿದ್ದಕ್ಕೆ ಸಿಟ್ಟಿಲ್ಲ ನಂಗೆ" ಎಂದಳು ಸೊಸೆ. "ಬಟ್ಟೆ ಒಣಹಾಕುವಾಗ ಕೇಳಿದ್ರಲ್ಲ, ಅದಕ್ಕೆ."

ಮಗಳು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಓ ಹಂಗಾ? ಈ ಆನ್‌ಲೈನ್‌ನೋರೆಲ್ಲ ಕಳ್ಳರು" ಎಂದಳು. ಅತ್ತಿಗೆಗೆ ಫೋನು ಕೊಡು ಎನ್ನಲಿಲ್ಲ.

ಬುಧವಾರ ಮತ್ತೆ ಪಟ್ಟಿ ಹಿಡಿದು ಕೂತರು. ಬೆಳಗಿನಿಂದ ಮಧ್ಯಾಹ್ನದ ತನಕ ಆದದ್ದು ಮೂವತ್ತೊಂದು ವಾಕ್ಯ. ಅದರಲ್ಲೂ ಅರ್ಧ ಬರೀ ಉಸಿರು. ಸೊಸೆ ಥೆರಪಿಸ್ಟ್‌ಗೆ ಫೋನು ಮಾಡಿದಳು. ಹಳೆಯದು ಎಪ್ಪತ್ತಿದೆ, ಹೊಸದು ಮೂವತ್ತೊಂದು, ಏನಾದರೂ ಆಗುತ್ತದೆಯೇ ಎಂದು ಕೇಳಿದಳು. ಇಷ್ಟರಲ್ಲಿ ಆಗುವುದಿಲ್ಲ, ಇನ್ನು ಒತ್ತಾಯ ಮಾಡಬೇಡಿ ಎಂದು ಉತ್ತರ ಬಂತು. ಯಂತ್ರಕ್ಕೆ ಇನ್ನು ಯಾರದೋ ದನಿಯೇ. ಗಂಟೆಯವರು ಸೊಸೆಯ ಮುಖ ನೋಡಿ ವಿಷಯ ತಿಳಿದುಕೊಂಡರು. ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟರು.

ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಸೇರಬೇಕಿತ್ತು. ಬೆಳಿಗ್ಗೆ ಅತ್ತೆ ಟವೆಲ್ಲು, ಲೋಟ, ಬಟ್ಟೆ ಚೀಲಕ್ಕೆ ತುಂಬುತ್ತಿದ್ದರು. ಗಂಟೆಯವರು ಸೊಸೆಯನ್ನು ಕೈಸನ್ನೆ ಮಾಡಿ ಕರೆದರು. ಅವಳು ಬಂದು ಎದುರಿಗೆ ನಿಂತಳು, ಕೂರಲಿಲ್ಲ.

"ನೋಡಮ್ಮ... ನಾನು..." ಎಂದು ಶುರುಮಾಡಿದರು.

"ಒಂದು ನಿಮಿಷ ತಡೀರಿ ಮಾವ."

ಅವಳು ಒಳಗೆ ಹೋಗಿ ಫೋನು ತಂದಳು. ಸಕ್ಕರೆ ಡಬ್ಬಿಗೆ ಒರಗಿಸಿದಳು. ಕೆಂಪು ಚುಕ್ಕಿ ಬಂದದ್ದನ್ನು ನೋಡಿಕೊಂಡು ಪಕ್ಕಕ್ಕೆ ಸರಿದಳು.

"ಈಗ ಹೇಳಿ."

ಮಗ ಗಾಬರಿಯಾಗಿ, "ಏನೇ ಇದು? ದೊಡ್ಡವರ ಹತ್ರ ಹೀಗಾ?" ಎಂದ.

"ಬೈದಿದ್ದು ಬೀದಿಗೆಲ್ಲ ಕೇಳಿಸಿದೆ. ಇದು ನನ್ನೊಬ್ಬಳ ಕಿವೀಲಿ ಇದ್ದು ಏನು ಬಂತು? ನಾಳೆಯಿಂದ ಕೇಳಿದ್ರೂ ಹೇಳೋಕಾಗಲ್ಲ ಅವರಿಗೆ. ಹೇಳಿದ್ರು ಅಂತ ನಾನು ಹೇಳಿದ್ರೆ ಈ ಮನೇಲಿ ಯಾರು ನಂಬ್ತೀರ?"

ಅತ್ತೆ ಟವೆಲ್ಲು ಮಡಿಸುವುದನ್ನು ನಿಲ್ಲಿಸಿದ್ದರು. ಗಂಟೆಯವರು ಫೋನನ್ನು ನೋಡಿದರು, ಸೊಸೆಯನ್ನು ನೋಡಿದರು. ಬಿಸಿನೀರು ಗುಟುಕರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

"ಸೊಸೆ ಏನೂ ಅಳಿಸಿಲ್ಲ" ಎಂದರು. ಕೆಮ್ಮಿದರು. "ಮೋಸದ ಡಿಸ್ಕು. ಅದನ್ನ ಒಪ್ಪಿದ್ದು ನಾನು. ಪರೀಕ್ಷೆ ಮಾಡೋಣ ಅಂದ್ಲು, ನಾನು ಬಿಡಲಿಲ್ಲ. ಅವಳು ಕೊಟ್ಟ ಅನ್ನದ ಮೇಲೂ ಅನುಮಾನ ಪಟ್ಟೆ. ಮೂವತ್ತೆಂಟು ವರ್ಷದಲ್ಲಿ ನಾನು ಇಷ್ಟು ದೊಡ್ಡ ಸುಳ್ಳು ಯಾವತ್ತೂ ಕೂಗಿಲ್ಲ. ತಪ್ಪಾಯ್ತಮ್ಮ." ಇನ್ನೂ ಏನೋ ಹೇಳಲು ಬಾಯಿ ತೆರೆದರು. ದನಿ ಬರಲಿಲ್ಲ. ಬಾಯಿ ತೆರೆದೇ ಕೂತಿದ್ದರು, ಕಣ್ಣು ತುಂಬಿತ್ತು.

ಸೊಸೆ ಫೋನು ತೆಗೆದುಕೊಂಡು ವಿಡಿಯೋವನ್ನು ಹೊಸ ಡಿಸ್ಕಿಗೆ ಹಾಕಿದಳು. ಕಾಪಿ ಆಯಿತು ಎಂದು ಬಂತು. ಅವಳು ಅದನ್ನು ನಂಬಲಿಲ್ಲ. ಎಲ್ಲರ ಮುಂದೆ ತೆರೆದು ಕೊನೆಯವರೆಗೂ ಓಡಿಸಿದಳು. ಗಂಟೆಯವರು ಬೇಡವೆಂದು ಕೈ ಎತ್ತಲಿಲ್ಲ. ತಮ್ಮ ದನಿಯನ್ನು ಮೊದಲ ಸಲ ಹೊರಗಿನಿಂದ ಕೇಳಿದರು. ಆ ಹರಕು ದನಿ ಅವರ ನೆನಪಿನ ದನಿಯಾಗಿರಲಿಲ್ಲ. ಕೇಳುತ್ತ ಕೇಳುತ್ತ ಮುಖ ತಿರುಗಿಸಿದರು. ವಿಡಿಯೋ ಮುಗಿದದ್ದೇ ಸೊಸೆ ಅದನ್ನು ನಾದಿನಿಗೆ ಕಳಿಸಿದಳು. ಎದುರು ಮನೆಯ ದರ್ಜಿಗೂ, ಮೇಲಿನ ಮಹಡಿಯವರಿಗೂ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಗಂಟೆಯವರನ್ನು ಗಾಲಿ ಮಂಚದಲ್ಲಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವಾಗ ಅವರು ಏನೋ ಅಂದರು, ಯಾರಿಗೂ ಕೇಳಿಸಲಿಲ್ಲ. ಮಗ ಬ್ರೆಡ್ಡು ತರಲು ಕ್ಯಾಂಟೀನಿಗೆ ಹೋದ. ಅತ್ತೆ, ಸೊಸೆ ಕಾರಿಡಾರಿನ ಬೆಂಚಿನ ಮೇಲೆ ಕೂತರು.

"ಸಿಟ್ಟು ಹೋಯ್ತೇನೇ?" ಎಂದು ಕೇಳಿದರು ಅತ್ತೆ.

"ಇಲ್ಲ ಅತ್ತೆ."

"ನಂಗೂ ಹೋಗಿಲ್ಲ. ನಿನ್ನ ಮೇಲೆ ಅಲ್ಲ, ಅವರ ಮೇಲೆ." ಅತ್ತೆ ಮುಚ್ಚಿದ ಬಾಗಿಲ ಕಡೆ ನೋಡಿದರು. "ಆ ವಿಡಿಯೋ ನಿಂಗೆ ಬೇಕಾಗಿದ್ದಕ್ಕೆ ಆಯ್ತಲ್ಲ. ಅದನ್ನ ಅಳಿಸಿಬಿಡ್ತೀಯಾ?"

ಸೊಸೆ ಚೀಲ ತೆರೆದು ತೋರಿಸಿದಳು. ಒಳಗೆ ಡಿಸ್ಕಿನ ಪಕ್ಕ ಇನ್ನೊಂದು ಡಿಸ್ಕ್ ಇತ್ತು. ಹಿಂದಿನ ದಿನ ಮಾವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಅದೇ ಅಂಗಡಿಗೆ ಹೋಗಿ, ತನ್ನ ಸಂಬಳದಲ್ಲಿ ಕೊಂಡು ತಂದಿದ್ದಳು.

"ಎಪ್ಪತ್ತು ವಾಕ್ಯಾನೂ ಹಾಕಿದ್ದೀನಿ, ಮೂವತ್ತೊಂದೂ ಹಾಕಿದ್ದೀನಿ, ಇದನ್ನೂ ಹಾಕಿದ್ದೀನಿ. ಎರಡು ಕಡೆ" ಎಂದು ಒಂದು ಡಿಸ್ಕನ್ನು ಅತ್ತೆಯ ಮಡಿಲಲ್ಲಿಟ್ಟಳು. "ಒಂದು ನಿಮ್ಮ ಹತ್ರ ಇರಲಿ. ಎರಡನ್ನೂ ಕೊನೇವರೆಗೂ ಹಾಕಿ ನೋಡಿದ್ದೀನಿ."